ದಿನಕ್ಕೊಂದು ಪುಟ

ಅಲೆಗ್ಸಾಂಡರನ ಕಾಲದಲ್ಲಿ ಬಾಳಿದ ಅಪೆಲ್ಲೀಸನೆಂಬ ಗ್ರೀಕ್ ಚಿತ್ರಕಾರನು, ಎಷ್ಟೇ ಕಾರ್ಯಭಾರವಿದ್ದರೂ, ಒಂದು ರೇಖೆಯನ್ನಾದರೂ ಎಳೆಯದೆ ಒಂದು ದಿನವನ್ನೂ ಕಳೆಯುತ್ತಿರಲಿಲ್ಲವಂತೆ. ರೋಮಿನ ಪಂಡಿತನಾದ ಪ್ಲಿನಿಯು ಈ ಸಂಗತಿಯನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಅಪೆಲ್ಲೀಸನು ರಚಿಸಿದ ಚಿತ್ರಗಳಲ್ಲಿ ಒಂದೂ ಇಂದು ಉಳಿದಿಲ್ಲ. ಉಳಿದಿರುವುದು ಆತನ ನಿತ್ಯಾಭ್ಯಾಸದ ಸುದ್ದಿ ಮಾತ್ರ. ಕೃತಿಗಿಂತ ಅಭ್ಯಾಸವೇ ಹೆಚ್ಚು ಬಾಳಿಕೆ ಬಂದ ಇಂಥ ನಿದರ್ಶನ ಲೋಕದಲ್ಲಿ ಅಪೂರ್ವವೆಂದೇ ಹೇಳಬೇಕು.

ನಿತ್ಯನೇಮದ ಮಹತ್ವವನ್ನು ಕನ್ನಡ ನಾಡಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಶರಣರು ಕಾಯಕವೆಂದು ಕರೆದುದು ದಿನದಿನವೂ ನಡೆಯಬೇಕಾದ ಕೆಲಸವನ್ನು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆತನ ಸತಿ ಲಕ್ಕಮ್ಮನು ಅಂದಿಗೆ ಬೇಕಾದಷ್ಟನ್ನು ಮಾತ್ರ ಇರಿಸಿಕೊಂಡು ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಮಠದ ಶಾಲೆಗಳಲ್ಲಿ ಓದಿದ ಎಲ್ಲರಿಗೂ ಗೊತ್ತು. ಅಂದಿನ ಕೆಲಸ ಅಂದಿಗೆ, ನಾಳೆಯದು ನಾಳೆಗೆ. ಕೇಳಲು ಸುಲಭವೆನಿಸುವ ಈ ನಿಯಮವನ್ನು ಪಾಲಿಸುವುದು ಎಷ್ಟು ಕಠಿಣವೆಂಬುದನ್ನು ಪ್ರಯತ್ನಿಸಿದವರೇ ಬಲ್ಲರು.

ಬಾಳಿನ ಸಂಜೆಯಲ್ಲಿ ಇಂಥ ನೇಮವೊಂದನ್ನು ಕೈಗೊಂಡ ಒಬ್ಬ ಮಾಸ್ತರರ ವೃತ್ತಾಂತ ಇದು. ಉತ್ತರ ಕರ್ನಾಟಕದ ಪ್ರೌಢಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗಣಿತವನ್ನು ಕಲಿಸಿ ನಿವೃತ್ತರಾದವರು ಅವರು. ತಮ್ಮ ಹೆಸರು ಎಲ್ಲಿಯೂ ಬರಬಾರದೆಂಬುದು ಅವರ ಇಚ್ಛೆ. ಪೇಟೆಯ ಅಂಗಡಿಕಾರರ ಮನೆಯಲ್ಲಿ ಹುಟ್ಟಿ, ಲೆಕ್ಕದ ನಡುವೆಯೇ ಬೆಳೆದ ಅವರಿಗೆ ಚಿತ್ರಕಲೆಯ ಗಂಧವಿರಲಿಲ್ಲ. ಶಾಲೆಯ ವೇಳಾಪತ್ರಿಕೆಯಲ್ಲಿ ಚಿತ್ರಕಲೆಯ ಅವಧಿಯನ್ನು ಕಂಡರೆ, ಅದನ್ನು ಗಣಿತದ ವಿಶೇಷ ತರಗತಿಗೆ ಬಿಟ್ಟುಕೊಡಬಾರದೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳುವವರಲ್ಲಿ ಅವರೇ ಮೊದಲಿಗರಾಗಿದ್ದರು.

ನಿವೃತ್ತಿಯ ಎರಡನೆಯ ವರ್ಷದಲ್ಲಿ ಅವರ ಕಣ್ಣಿಗೆ ಪೊರೆ ಬಂದಿತು. ಶಸ್ತ್ರಚಿಕಿತ್ಸೆಯಾಗಿ, ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಇರಿಸಿದರು. ಪೊರೆಗಟ್ಟಿದ ಮಸೂರ ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ; ನೀಲಿಯನ್ನು ತಡೆಯುತ್ತದೆ. ಇದು ಮೆಲ್ಲಮೆಲ್ಲನೆ ನಡೆಯುವುದರಿಂದ ಮನುಷ್ಯನಿಗೆ ತನ್ನ ಲೋಕ ಮಾಸಿದ ಅರಿವೇ ಆಗುವುದಿಲ್ಲ. ಪಟ್ಟಿ ಬಿಚ್ಚಿದ ಮರುದಿನ ಮಾಸ್ತರರು ಅಂಗಳಕ್ಕೆ ಬಂದು ನಿಂತಾಗ ಆಕಾಶವು ಬಾಲ್ಯದಲ್ಲಿ ಕಂಡ ನೀಲಿಯಾಗಿತ್ತು. ಅದಕ್ಕಿಂತಲೂ ಅವರನ್ನು ಬೆರಗುಗೊಳಿಸಿದುದು ಅಂಗಳದ ಬೇವಿನ ಮರ. ಅದರ ಎಲೆಯ ಅಂಚು ಗರಗಸದಂತೆ ಹಲ್ಲುಹಲ್ಲಾಗಿತ್ತು. ಎಲೆಯ ಬುಡದಲ್ಲಿ ನಡುನರದ ಎರಡು ಮಗ್ಗುಲುಗಳು ಸಮನಾಗಿರಲಿಲ್ಲ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಯುಗಾದಿಗೆ ಯುಗಾದಿ ಆ ಎಲೆಯನ್ನು ಕೈಯಲ್ಲಿ ಹಿಡಿದವರು, ಅದರ ಕಡ್ಡಿಯಿಂದ ಹಲ್ಲುಜ್ಜಿದವರು ಅವರು. ಎಲೆಯ ಅಂಚು ಹೇಗಿದೆಯೆಂದು ಹಿಂದಿನ ದಿನ ಯಾರಾದರೂ ಕೇಳಿದ್ದರೆ, ನುಣುಪಾಗಿದೆಯೆಂದು ಆಣೆ ಮಾಡಿ ಹೇಳುತ್ತಿದ್ದರು. ಪೊರೆ ಬಂದುದು ಎರಡು ವರ್ಷಗಳ ಹಿಂದೆ. ಅದಕ್ಕೂ ಮೊದಲಿನ ಅರವತ್ತು ವರ್ಷ ಕಣ್ಣು ಚೆನ್ನಾಗಿಯೇ ಇತ್ತಲ್ಲವೆ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ.

ಅಂದು ಸಂಜೆಯೇ ಅಂಗಡಿಗೆ ಹೋಗಿ ಗೆರೆಯಿಲ್ಲದ ಇನ್ನೂರು ಪುಟಗಳ ಒಂದು ಪುಸ್ತಕವನ್ನೂ ಒಂದು ಪೆನ್ಸಿಲನ್ನೂ ಕೊಂಡು ತಂದರು. ಗಣಿತದವರಾದ್ದರಿಂದ ಮೊದಲು ನಿಯಮಗಳನ್ನು ಬರೆದರು. ಪ್ರತಿದಿನ ಬೆಳಗಿನ ಪೂಜೆಯ ತರುವಾಯ ಒಂದು ಪುಟ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕಣ್ಣೆದುರಿಗಿರುವುದನ್ನೇ ಬರೆಯಬೇಕು. ರಬ್ಬರ್ ಬಳಸಕೂಡದು. ಪ್ರತಿ ಪುಟದ ಕೆಳಗೆ ತಾರೀಖನ್ನು ಹಾಕಬೇಕು. ಯಾವ ಪುಟವನ್ನೂ ಹರಿಯಕೂಡದು. ಈ ಕೊನೆಯ ನಿಯಮವನ್ನು ಏಕೆ ಬರೆದರೆಂಬುದನ್ನು ಅವರೂ ಆಗ ಯೋಚಿಸಲಿಲ್ಲ.

ಮೊದಲ ದಿನ ಎದುರಿಗಿಟ್ಟುಕೊಂಡುದು ಪೂಜೆಯ ತಾಮ್ರದ ತಂಬಿಗೆ. ಅದರ ಬಾಯನ್ನು ದುಂಡಗೆ ಬರೆದರು. ತಳವನ್ನು ನೇರ ಗೆರೆಯಾಗಿ ಎಳೆದರು. ಮುಗಿದ ಮೇಲೆ ನೋಡಿದರೆ ತಂಬಿಗೆಯು ಮುಂದಕ್ಕೆ ಬಾಗಿ ಬೀಳುವಂತಿತ್ತು. ಎರಡನೆಯ ದಿನವೂ ಹಾಗೆಯೇ ಆಯಿತು. ಏಳನೆಯ ದಿನ, ಚಿತ್ರದಲ್ಲಿರುವ ದೋಷವು ಕೈಯದಲ್ಲ, ಕಣ್ಣಿನದೆಂದು ಅವರಿಗೆ ಹೊಳೆಯಿತು. ತಂಬಿಗೆಯ ಬಾಯಿ ವೃತ್ತವೆಂಬುದು ಅವರಿಗೆ ಗೊತ್ತಿದ್ದ ವಿಷಯ. ಆದರೆ ಕುಳಿತಲ್ಲಿಂದ ಕಾಣುತ್ತಿದ್ದುದು ವೃತ್ತವಲ್ಲ, ದೀರ್ಘವೃತ್ತ. ಕಣ್ಣಿನ ಮಟ್ಟಕ್ಕೆ ಸಮೀಪವಾದಷ್ಟೂ ಅದು ಚಪ್ಪಟೆಯಾಗುತ್ತದೆ, ಕೆಳಗಿಳಿದಷ್ಟೂ ತೆರೆದುಕೊಳ್ಳುತ್ತದೆ. ಆದ್ದರಿಂದ ಬಾಯಿಗಿಂತ ತಳದ ಬಾಗು ಹೆಚ್ಚಾಗಿರಬೇಕು. ತಳವು ನೇರಗೆರೆಯಾಗಿರಲು ಸಾಧ್ಯವೇ ಇಲ್ಲ. ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಸಾವಿರಾರು ವೃತ್ತಗಳನ್ನು ಬರೆದ ಮನುಷ್ಯನು ಓರೆಯಾಗಿ ಕಂಡ ವೃತ್ತವೊಂದನ್ನು ಅಂದೇ ಮೊದಲ ಬಾರಿಗೆ ನೋಡಿದ್ದನು. ಗೊತ್ತಿರುವುದು ಬೇರೆ, ಕಂಡದ್ದು ಬೇರೆ. ಗೊತ್ತಿರುವುದು ಯಾವಾಗಲೂ ಮುಂದೆ ನುಗ್ಗಿ, ಕಾಣುವುದಕ್ಕೆ ಅಡ್ಡವಾಗಿ ನಿಲ್ಲುತ್ತದೆ. ಈ ಒಂದು ಪಾಠಕ್ಕೆ ಅವರಿಗೆ ಏಳು ಪುಟಗಳು ಹಿಡಿದವು.

ಅಲ್ಲಿಂದ ಮುಂದೆ ಗಣಿತವೇ ಅವರಿಗೆ ಗುರುವಾಯಿತು. ಚಿತ್ರಕಾರರು ಒಂದು ಕಣ್ಣನ್ನು ಮುಚ್ಚಿ, ಕೈಯನ್ನು ಮುಂದಕ್ಕೆ ಚಾಚಿ, ಪೆನ್ಸಿಲಿನಿಂದ ಮರದ ಎತ್ತರವನ್ನು ಅಳೆಯುವುದನ್ನು ಅವರು ಹಿಂದೆ ಕಂಡಿದ್ದರು. ಅದೊಂದು ಆಡಂಬರವೆಂದು ಭಾವಿಸಿದ್ದರು. ಈಗ ತಾವೇ ಮಾಡಿ ನೋಡಿದಾಗ ಅದು ಹತ್ತನೆಯ ತರಗತಿಯ ಥೇಲ್ಸನ ಪ್ರಮೇಯವಲ್ಲದೆ ಬೇರೇನೂ ಅಲ್ಲವೆಂದು ಗೊತ್ತಾಯಿತು. ಕಣ್ಣಿನಿಂದ ಹೊರಟ ಎರಡು ರೇಖೆಗಳು ಪೆನ್ಸಿಲಿನ ಮೇಲೆ ಒಂದು ಚಿಕ್ಕ ತ್ರಿಭುಜವನ್ನೂ ಮರದ ಬಳಿ ಒಂದು ದೊಡ್ಡ ತ್ರಿಭುಜವನ್ನೂ ರಚಿಸುತ್ತವೆ, ಇವೆರಡೂ ಸಮರೂಪ. ಮೊಣಕೈ ಮಡಿಚಿದರೆ ಕಣ್ಣಿಗೂ ಪೆನ್ಸಿಲಿಗೂ ಇರುವ ದೂರ ಬದಲಾಗಿ ಅಳತೆಯೆಲ್ಲ ಕೆಡುತ್ತದೆ. ಕೈಯನ್ನು ಸೆಟೆದು ಚಾಚುವುದು ಅದಕ್ಕಾಗಿಯೇ. ಇಷ್ಟು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ ಪ್ರಮೇಯವು ತಮ್ಮ ತೋಳಿನಲ್ಲಿಯೇ ಇತ್ತೆಂದು ತಿಳಿದಾಗ ಅವರಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಕೈಯಲ್ಲಿದ್ದ ಉಪಕರಣದ ವಿಷಯದಲ್ಲಿಯೂ ಅವರು ಹೀಗೆಯೇ ಕುತೂಹಲಿಗಳಾದರು. ಹಳಬರು ಅದನ್ನು ಸೀಸದ ಕಡ್ಡಿಯೆನ್ನುತ್ತಾರೆ. ಆದರೆ ಅದರಲ್ಲಿ ಸೀಸದ ಲೇಶವೂ ಇಲ್ಲ. ಇರುವುದು ಗ್ರಾಫೈಟ್, ಅಂದರೆ ಇಂಗಾಲದ ಒಂದು ರೂಪ. ಅದನ್ನು ಜೇಡಿಮಣ್ಣಿನೊಡನೆ ಕಲಸಿ ಸುಟ್ಟು ಕಡ್ಡಿ ಮಾಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಜಾಕ್ ಕೊಂಟೆ 1795ರಲ್ಲಿ ಕಂಡುಹಿಡಿದನು. ಮಣ್ಣು ಹೆಚ್ಚಾದರೆ ಕಡ್ಡಿ ಗಡುಸು, ಗೆರೆ ತಿಳಿ. ಗ್ರಾಫೈಟ್ ಹೆಚ್ಚಾದರೆ ಕಡ್ಡಿ ಮೃದು, ಗೆರೆ ಕಪ್ಪು. ಎಚ್‌ಬಿ ಎಂಬುದು ಇವೆರಡರ ನಡುವಿನದು. ಬೇವಿನ ಮರದ ನೆರಳಿಗೆ ನಾಲ್ಕು ಬಿ ಬೇಕು, ತಂಬಿಗೆಯ ಅಂಚಿಗೆ ಎಚ್‌ಬಿ ಸಾಕು ಎಂಬ ಮಟ್ಟಿಗೆ ಅವರು ನುರಿತದ್ದು ಮೂರನೆಯ ತಿಂಗಳಿನಲ್ಲಿ.

ನಾಲ್ಕನೆಯ ತಿಂಗಳಲ್ಲಿ ಊರ ಹೊರಗಿನ ರೈಲುಹಾದಿಯನ್ನು ಬರೆಯಲು ಹೋದರು. ಸಮಾಂತರ ರೇಖೆಗಳು ಎಷ್ಟು ದೂರ ಎಳೆದರೂ ಸಂಧಿಸುವುದಿಲ್ಲವೆಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳಿಕೊಟ್ಟವರ ಕಣ್ಣೆದುರಿನಲ್ಲಿಯೇ ಆ ಎರಡು ಹಳಿಗಳು ದಿಗಂತದಲ್ಲಿ ಕೂಡಿಕೊಂಡಿದ್ದವು. ಇದರ ಗುಟ್ಟನ್ನು ಹುಡುಕಿಕೊಂಡು ಅವರು ಗ್ರಂಥಾಲಯಕ್ಕೆ ಹೋದರು. ಇಟಲಿಯ ಆಲ್ಬೆರ್ಟಿಯು 1435ರಲ್ಲಿ ಬರೆದ ಚಿತ್ರಕಲೆಯ ಗ್ರಂಥದಲ್ಲಿ, ಎಳೆಗಳಿಂದ ಚೌಕಗಳಾಗಿ ವಿಂಗಡಿಸಿದ ತೆಳುಬಟ್ಟೆಯ ಪರದೆಯೊಂದನ್ನು ವಸ್ತುವಿಗೂ ಕಣ್ಣಿಗೂ ನಡುವೆ ಹಿಡಿದು ನೋಡುವ ಉಪಾಯವನ್ನು ಹೇಳಿದ್ದಾನೆ. ಜರ್ಮನಿಯ ಡ್ಯೂರರನು 1525ರಲ್ಲಿ ಅಚ್ಚು ಮಾಡಿಸಿದ ರೇಖಾಗಣಿತದ ಪುಸ್ತಕದಲ್ಲಿ ಅಂಥ ಉಪಕರಣಗಳ ಚಿತ್ರಗಳಿವೆ. ಮಾಸ್ತರರ ಮನಸ್ಸನ್ನು ಹೆಚ್ಚಾಗಿ ಸೆಳೆದವನು ಮಾತ್ರ ಇವರಿಬ್ಬರಿಗಿಂತ ಬಹಳ ತಡವಾಗಿ ಬಂದ ಒಬ್ಬ ಡಚ್ಚನು.

ವಿನ್ಸೆಂಟ್ ವ್ಯಾನ್ ಗೋ 1853ರಲ್ಲಿ ಹುಟ್ಟಿದನು. ಚಿತ್ರಗಳನ್ನು ಮಾರುವ ಅಂಗಡಿಯಲ್ಲಿ ಕೆಲಸ ಮಾಡಿ ಅದನ್ನು ಕಳೆದುಕೊಂಡನು, ಶಾಲೆಯಲ್ಲಿ ಪಾಠ ಹೇಳಿದನು, ಪುಸ್ತಕದಂಗಡಿಯಲ್ಲಿದ್ದನು, ಬೆಲ್ಜಿಯಮಿನ ಕಲ್ಲಿದ್ದಲು ಗಣಿಗಳ ನಾಡಿನಲ್ಲಿ ಧರ್ಮಬೋಧಕನಾದನು, ಅಲ್ಲಿಯೂ ನೆಲೆ ನಿಲ್ಲಲಿಲ್ಲ. ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದುದು 1880ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಆಗ ಅವನು ಮಾಡಿದ ಮೊದಲ ಕೆಲಸವೆಂದರೆ ಶಾರ್ಲ್ ಬಾರ್ಗ್ ಎಂಬಾತನು ಸಿದ್ಧಪಡಿಸಿದ್ದ ಚಿತ್ರಪಾಠದ ಹಾಳೆಗಳನ್ನು ತರಿಸಿಕೊಂಡು, ಶಾಲಾ ಬಾಲಕನಂತೆ, ಒಂದಾದ ಮೇಲೊಂದರಂತೆ ನಕಲು ಮಾಡಿದುದು. 1882ರಲ್ಲಿ ಹೇಗ್ ನಗರದಲ್ಲಿ ಬಡತನದಿಂದ ದಿನ ದೂಡುತ್ತಿದ್ದಾಗ, ದಾರಗಳನ್ನು ಅಡ್ಡಡ್ಡಕ್ಕೂ ಉದ್ದುದ್ದಕ್ಕೂ ಮೂಲೆಯಿಂದ ಮೂಲೆಗೂ ಬಿಗಿದ ಒಂದು ಚೌಕಟ್ಟನ್ನು ಮಾಡಿಸಿಕೊಂಡನು. ಅದನ್ನು ಸಮುದ್ರದಂಡೆಯ ಮರಳಿನಲ್ಲಿ ಊರಿ, ಕಿಟಕಿಯಿಂದ ನೋಡುವಂತೆ ನೋಡುತ್ತ ಬರೆಯುತ್ತಿದ್ದನು. 1890ರಲ್ಲಿ, ಮೂವತ್ತೇಳರ ಹರೆಯದಲ್ಲಿ ತೀರಿಕೊಂಡನು. ಆ ಹತ್ತು ವರ್ಷಗಳಲ್ಲಿ ಅವನು ಬರೆದ ರೇಖಾಚಿತ್ರಗಳೇ ಸಾವಿರಕ್ಕೆ ಮಿಕ್ಕಿವೆ. ಲೋಕವು ಅವನ ಬಣ್ಣಗಳನ್ನು ಕೊಂಡಾಡುತ್ತದೆ. ಆ ಬಣ್ಣಗಳ ಅಡಿಯಲ್ಲಿರುವ ದಿನಗೂಲಿಯನ್ನು ನೆನೆಯುವವರು ಕಡಿಮೆ.

ಮಾಸ್ತರರೂ ಮನೆಯಲ್ಲಿದ್ದ ಹಳೆಯ ಫೋಟೋದ ಕಟ್ಟಿಗೆ ದಾರ ಬಿಗಿದು ಅಂಥದೊಂದು ಚೌಕಟ್ಟನ್ನು ಮಾಡಿಕೊಂಡರು. ಅದನ್ನು ಹಿಡಿದು ಕೆರೆಯ ಏರಿಯ ಮೇಲೆ ನಿಂತ ಅವರನ್ನು ಕಂಡು, ನಿವೃತ್ತಿಯಾದ ಮೇಲೆ ಮಾಸ್ತರರ ತಲೆ ಸ್ವಲ್ಪ ಹೀಗಾಗಿದೆಯೆಂದು ಊರವರು ಮಾತನಾಡಿಕೊಂಡರು. ಅವರು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಊರವರ ಮಾತಿಗಿಂತ ಹೆಚ್ಚಾಗಿ ಕಾಡಿದುದು ಬೇಸರ. ಮೊದಲ ಉತ್ಸಾಹ ಇಳಿದ ಮೇಲೆ, ಎರಡನೆಯ ವರ್ಷದಲ್ಲಿ, ಪುಟದ ಮೇಲೆ ಪುಟ ಒಂದೇ ತೆರನಾಗಿ ಬರತೊಡಗಿತು. ಒಂದು ದಿನ ಹುಮ್ಮಸ್ಸು ಬಂದು ಐದು ಪುಟ ಬರೆದರೆ, ಮುಂದಿನ ನಾಲ್ಕು ದಿನ ಪುಸ್ತಕ ಮುಟ್ಟಲು ಮನಸ್ಸಾಗುತ್ತಿರಲಿಲ್ಲ. ಹೆಚ್ಚು ಅಕ್ಕಿಯನ್ನು ಹಿಂದಿರುಗಿಸಿದ ಲಕ್ಕಮ್ಮನ ಮಾತು ಆಗ ಅವರಿಗೆ ನೆನಪಾಯಿತು. ಜ್ವರ ಬಂದು ಹನ್ನೆರಡು ದಿನ ಮಲಗಿದಾಗ ನೇಮ ತಪ್ಪಿತು; ತಪ್ಪಿದ ನೇಮವನ್ನು ಮತ್ತೆ ಹಿಡಿಯುವುದು ಹೊಸದಾಗಿ ಹಿಡಿಯುವುದಕ್ಕಿಂತ ಕಷ್ಟವೆಂಬುದೂ ಗೊತ್ತಾಯಿತು. ತಪ್ಪಿದ ದಿನಗಳ ಲೆಕ್ಕವನ್ನು ತುಂಬಿಕೊಡಲು ಹೋಗದೆ, ಹದಿಮೂರನೆಯ ದಿನ ಹಾಸಿಗೆಯ ಪಕ್ಕದ ಔಷಧಿಯ ಸೀಸೆಯನ್ನು ಬರೆದು ತಾರೀಖು ಹಾಕಿದರು.

ಈ ಕಾಲದಲ್ಲಿ ಅವರಿಗೆ ಧೈರ್ಯ ಕೊಟ್ಟವನು ಜಪಾನಿನ ಹೊಕುಸಾಯ್. 1760ರಲ್ಲಿ ಹುಟ್ಟಿ 1849ರಲ್ಲಿ ತೀರಿಕೊಂಡ ಈ ವೃದ್ಧನು, ಎಂಬತ್ತು ದಾಟಿದ ಮೇಲೆ, 1842 ಮತ್ತು 1843ರಲ್ಲಿ, ಕೇಡನ್ನು ಹೊರದೂಡುವ ರಕ್ಷೆಯೆಂದು ಬೆಳಗಿಗೊಂದರಂತೆ ಸಿಂಹದ ಚಿತ್ರವನ್ನು ಬರೆಯುವ ನೇಮವಿಟ್ಟುಕೊಂಡಿದ್ದನು. ಕುಣಿಯುವ ಸಿಂಹ, ಮಲಗಿದ ಸಿಂಹ, ಬೆದರಿದ ಸಿಂಹ. ಕುಂಚದ ಕೆಲವೇ ಎಳೆತಗಳಲ್ಲಿ ಮೂಡಿದ ಅಂಥ ಇನ್ನೂರಕ್ಕೂ ಮಿಕ್ಕಿದ ಹಾಳೆಗಳು ಇಂದಿಗೂ ಉಳಿದಿವೆ. ಅದಕ್ಕೂ ಮೊದಲು, 1834ರಲ್ಲಿ, ಫೂಜಿ ಪರ್ವತದ ನೂರು ನೋಟಗಳ ಪುಸ್ತಕಕ್ಕೆ ಬರೆದ ಮಾತಿನಲ್ಲಿ ಅವನು ಎಪ್ಪತ್ತರವರೆಗೆ ತಾನು ಮಾಡಿದುದರಲ್ಲಿ ಗಣನೆಗೆ ಬರುವಂಥದು ಏನೂ ಇಲ್ಲವೆಂದು ಹೇಳಿಕೊಂಡಿದ್ದನು. ಎಪ್ಪತ್ತಮೂರರಲ್ಲಿ ಪ್ರಾಣಿಪಕ್ಷಿಗಳ ರಚನೆ ಅಲ್ಪಸ್ವಲ್ಪ ತಿಳಿಯಿತೆಂದೂ, ನೂರಹತ್ತರಲ್ಲಿ ತಾನಿಡುವ ಒಂದೊಂದು ಬಿಂದುವೂ ಜೀವಂತವಾದೀತೆಂದೂ ಆಶಿಸಿದ್ದನು. ಅರವತ್ತನಾಲ್ಕರ ಮಾಸ್ತರರು ಇದನ್ನು ಓದಿ ನಕ್ಕರಂತೆ. ಆ ಲೆಕ್ಕದಲ್ಲಿ ತಾವಿನ್ನೂ ಶಿಶುವಿಹಾರದಲ್ಲಿದ್ದಂತೆ ಅವರಿಗೆ ತೋರಿತು.

ಬರೆಯಲು ಎದುರಿಗೆ ಏನೂ ತೋಚದ ಒಂದು ಬೆಳಿಗ್ಗೆ ಒಂದು ಘಟನೆ ನಡೆಯಿತು. ದೀಕ್ಷೆಯಾದಂದಿನಿಂದ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಅವರು ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಎವೆಯಿಕ್ಕದೆ ನೋಡುತ್ತ ಪೂಜಿಸಿದವರು. ದೃಷ್ಟಿಯನ್ನು ಒಂದೆಡೆ ನಿಲ್ಲಿಸುವ ಈ ಸಾಧನೆ ಅವರಿಗೆ ಹೊಸತಲ್ಲ. ಅಂದು ಪೂಜೆ ಮುಗಿದು, ಲಿಂಗವನ್ನು ಮರಳಿ ಧರಿಸಿದ ಮೇಲೂ ಎಡಗೈ ಹಾಗೆಯೇ ತೆರೆದುಕೊಂಡು ಮಡಿಲಲ್ಲಿತ್ತು. ಬಲಗೈ ಪೆನ್ಸಿಲನ್ನು ಹಿಡಿಯಿತು. ಹೆಬ್ಬೆರಳಿನ ಬುಡದ ದಿಬ್ಬ, ಒಂದನ್ನೊಂದು ಕತ್ತರಿಸುವ ಗೆರೆಗಳು, ಹುಡುಗನಾಗಿದ್ದಾಗ ಕೈವಾರದ ಮೊನೆ ಚುಚ್ಚಿ ಆದ ಕಲೆ, ಮುಪ್ಪಿನಿಂದ ಸಡಿಲವಾದ ತೊಗಲು ಇವನ್ನೆಲ್ಲ ಒಂದು ಗಂಟೆ ಬರೆದರು. ಲಿಂಗವನ್ನು ಹೊತ್ತ ಆ ಕೈಯನ್ನು ಅವರು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ. ಪೂಜೆಯಲ್ಲಿ ಕಲಿತ ನೋಟವನ್ನು ಪೂಜೆ ಮುಗಿದೊಡನೆ ಕೆಳಗಿಟ್ಟು ಎದ್ದುಹೋಗುತ್ತಿದ್ದರು. ಅದೇ ನೋಟವನ್ನು ತಂಬಿಗೆಯ ಮೇಲೆ, ಬೇವಿನೆಲೆಯ ಮೇಲೆ, ಎದುರಿಗೆ ಬಂದ ಮನುಷ್ಯನ ಮೇಲೆ ಇರಿಸಬಹುದೆಂದು ಅವರಿಗೆ ಅಂದು ತಿಳಿಯಿತು. ಲಿಂಗವಂತನಿಗೆ ಇದು ತಿಳಿಯಲು ಇಷ್ಟು ತಡವಾಗಬಾರದಿತ್ತೆಂದು ಅವರು ಮುಂದೆ ಅನೇಕ ಸಲ ಹೇಳಿದ್ದುಂಟು.

ಅಲ್ಲಿಂದ ಅವರು ಜೀವಿಗಳನ್ನು ಬರೆಯತೊಡಗಿದರು. ತಂಬಿಗೆ ಕೂತಲ್ಲಿ ಕೂತಿರುತ್ತದೆ; ಮನುಷ್ಯ ಕೂರುವುದಿಲ್ಲ. ದಾಸೋಹದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ತಾಯಂದಿರನ್ನು ಬರೆಯಲು ಹೋದಾಗ, ಒಂದು ತೋಳನ್ನು ಬರೆದು ಮುಗಿಸುವುದರೊಳಗೆ ಅದು ಬೇರೆಡೆಗೆ ಹೋಗಿರುತ್ತಿತ್ತು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಚಿತ್ರಕಾರ ಕೆ. ಕೆ. ಹೆಬ್ಬಾರರ ರೇಖೆಗಳನ್ನು ಅವರು ಪರಿಚಯ ಮಾಡಿಕೊಂಡುದು ಈ ಸಂದರ್ಭದಲ್ಲಿ. ಹೆಬ್ಬಾರರು ಲಯದ ಮರ್ಮವನ್ನು ಅರಿಯುವುದಕ್ಕಾಗಿಯೇ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದವರು. ಹಾಡುವ ರೇಖೆಯೆಂದೇ ಹೆಸರಾದ ಅವರ ಚಿತ್ರಗಳಲ್ಲಿ ನರ್ತಕಿಯ ಕಣ್ಣುಮೂಗುಗಳಿಲ್ಲದಿದ್ದರೂ ನೃತ್ಯವಿರುತ್ತದೆ. ಅಂಗಾಂಗಗಳನ್ನು ಎಣಿಸುತ್ತ ಹೋಗದೆ, ದೇಹವು ಮಾಡುತ್ತಿರುವ ಕೆಲಸವನ್ನು ಮೊದಲು ಹಿಡಿಯಬೇಕು. ಹೀಗೆ ತಿಳಿದ ಮೇಲೆ ಮಾಸ್ತರರ ಪುಟಗಳಲ್ಲಿ ಬಾಗಿದ ಬೆನ್ನೊಂದು, ತಟ್ಟುವ ಕೈಯೊಂದು ಎರಡು ಮೂರು ಗೆರೆಗಳಲ್ಲಿ ಮೂಡತೊಡಗಿದವು. ಹತ್ತರಲ್ಲಿ ಎಂಟು ಹುಸಿಯಾದವು. ಅವೂ ಪುಸ್ತಕದಲ್ಲಿಯೇ ಉಳಿದವು.

ಆರನೆಯ ವರ್ಷದ ಸುಗ್ಗಿಯ ಕಾಲದಲ್ಲಿ, ಊರ ಅಂಚಿನ ಕಣದ ಬಳಿ ಎತ್ತುಗಳನ್ನು ಬರೆಯುತ್ತ ಕುಳಿತಿದ್ದರು. ಮಲಗಿ ಮೆಲುಕು ಹಾಕುತ್ತಿದ್ದ ಎತ್ತೊಂದು ಮೇಲೆದ್ದಿತು. ಅದು ಮೊದಲು ಹಿಂಭಾಗವನ್ನು ಎತ್ತಿತು. ಹಿಂಗಾಲುಗಳು ನೆಟ್ಟಗಾಗಿ, ಮುಂಗಾಲುಗಳು ಇನ್ನೂ ಮಡಿಚಿಕೊಂಡೇ ಇದ್ದು, ಒಂದು ಕ್ಷಣ ಆ ಎತ್ತು ಮೊಣಕಾಲೂರಿ ತಲೆಬಾಗಿದಂತೆ ನಿಂತಿತು. ಆಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಊರಿ ನಿಂತುಕೊಂಡಿತು. ದನಗಳೆಲ್ಲ ಏಳುವುದು ಹೀಗೆಯೇ. ಒಕ್ಕಲಿಗರ ಮನೆಯ ಮಕ್ಕಳಿಗೆ ಇದು ಹುಟ್ಟಿನಿಂದ ಗೊತ್ತು. ಪೇಟೆಯಲ್ಲಿ ಬೆಳೆದ ಮಾಸ್ತರರ ಕೈಯಿಂದ ಪೆನ್ಸಿಲ್ ಜಾರಿತು. ಆ ನಿಲುವನ್ನು ಅವರು ಹಿಂದೊಮ್ಮೆ ಕಂಡಿದ್ದರು. ನೆಲದ ಮೇಲಲ್ಲ, ಹಾಳೆಯ ಮೇಲೆ.

ಸೇವೆಯ ನಡುವಿನ ವರ್ಷಗಳಲ್ಲಿ ನಡೆದ ಸಂಗತಿ ಅದು. ಹತ್ತನೆಯ ತರಗತಿಯಲ್ಲಿ ವೃತ್ತದ ಸ್ಪರ್ಶಕಗಳ ಪ್ರಮೇಯವನ್ನು ವಿವರಿಸುತ್ತಿದ್ದಾಗ, ಹಿಂದಿನ ಸಾಲಿನ ಹುಡುಗನೊಬ್ಬನು ರೇಖಾಗಣಿತದ ಪುಸ್ತಕದಲ್ಲಿ ಏನೋ ಗೀಚುತ್ತಿರುವುದು ಕಣ್ಣಿಗೆ ಬಿದ್ದಿತು. ಹೋಗಿ ನೋಡಿದರೆ, ಪ್ರಮೇಯ ಬರೆಯಬೇಕಾದ ಜಾಗದಲ್ಲಿ ಒಂದು ಎತ್ತು: ಹಿಂಭಾಗವನ್ನು ಎತ್ತಿ, ಮೊಣಕಾಲೂರಿದ ಎತ್ತು. ಮಾಸ್ತರರು ಪುಸ್ತಕವನ್ನು ಎತ್ತಿ ಹಿಡಿದು, ಈ ಎತ್ತು ಯಾರಿಗೆ ನಮಸ್ಕಾರ ಮಾಡುತ್ತಿದೆಯೆಂದು ತರಗತಿಯನ್ನು ಕೇಳಿದರು. ತರಗತಿ ನಕ್ಕಿತು. ಪಾಠವೂ ಬಾರದು, ಚಿತ್ರವೂ ಬಾರದು ಎಂದು ಹೇಳಿ, ಆ ಹಾಳೆಯನ್ನು ಹರಿದು, ಹುಡುಗನನ್ನು ಅವಧಿ ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದರು. ಆ ವರ್ಷ ಪರೀಕ್ಷೆಗೆ ಮೊದಲೇ ಹುಡುಗನು ಶಾಲೆ ಬಿಟ್ಟನು. ಹೊಲದಲ್ಲಿ ತಂದೆಗೆ ಕೈ ಸಾಲದಾಗಿತ್ತೆಂದು ಹೇಳಿದರು. ಹಾಗೆಯೇ ಇದ್ದಿರಬಹುದು. ಒಂದು ಹರಿದ ಹಾಳೆಯೇ ಕಾರಣವೆಂದು ಹೇಳಲು ಆಧಾರವಿಲ್ಲ. ಅಲ್ಲವೆಂದು ಹೇಳಲೂ ಆಧಾರವಿಲ್ಲ.

ಎತ್ತು ಹೇಗೆ ಏಳುತ್ತದೆಂಬುದನ್ನು ಆ ತರಗತಿಯಲ್ಲಿ ಸರಿಯಾಗಿ ನೋಡಿದ್ದವನು ಆ ಹುಡುಗ. ಅವನು ಬರೆದುದು ನಿಜವಾಗಿತ್ತು, ನಕ್ಕವರದು ತಪ್ಪಾಗಿತ್ತು.

ಕಣದಿಂದ ಮನೆಗೆ ಬಂದ ಮಾಸ್ತರರು ಮರುದಿನ ಪೂಜೆಯ ತರುವಾಯ ಆ ಹುಡುಗನ ಮುಖವನ್ನು ನೆನಪಿನಿಂದ ಬರೆಯಲು ಕುಳಿತರು. ಎದುರಿಗಿರುವುದನ್ನೇ ಬರೆಯಬೇಕೆಂಬ ತಮ್ಮ ನಿಯಮವನ್ನು ಅವರು ಮೀರಿದುದು ಅದೊಂದೇ ಸಲ. ಆ ಹೊತ್ತಿಗೆ ಮುಖದ ಪ್ರಮಾಣಗಳು ಅವರಿಗೆ ಚೆನ್ನಾಗಿ ತಿಳಿದಿದ್ದವು. ಹೊಸಬರು ಕಣ್ಣುಗಳನ್ನು ಹಣೆಯ ಕಡೆಗೆ ಏರಿಸಿ ಬರೆಯುತ್ತಾರೆ; ನಿಜಕ್ಕೂ ಅವು ತಲೆಯ ನೆತ್ತಿಗೂ ಗದ್ದಕ್ಕೂ ಸರಿಯಾಗಿ ನಡುವೆ ಇರುತ್ತವೆ. ಅಂಡಾಕಾರವನ್ನು ಎಳೆದು, ನಡುವೆ ಕಣ್ಣಿನ ಗೆರೆಯನ್ನು ಗುರುತು ಮಾಡಿಕೊಂಡರು. ಅಲ್ಲಿಗೇ ಕೈ ನಿಂತಿತು. ಹುಡುಗನ ಹಾಜರಿ ಸಂಖ್ಯೆ ನೆನಪಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನು ಪಡೆದ ಅಂಕಗಳು ನೆನಪಿದ್ದವು. ಬೆಂಚಿನ ಮೇಲೆ ನಿಂತ ಬರಿಗಾಲುಗಳೂ ನೆನಪಿದ್ದವು. ಮುಖ ಮಾತ್ರ ಇರಲಿಲ್ಲ. ಮೂರು ದಿನ, ಮೂರು ಪುಟ ಪ್ರಯತ್ನಿಸಿದರು. ಪ್ರತಿ ಪುಟದಲ್ಲಿಯೂ ಬರಿಯ ಅಂಡಾಕಾರ, ಅಡ್ಡಗೆರೆ, ಕೆಳಗೆ ತಾರೀಖು. ಪ್ರತಿದಿನ ಎದುರಿಗೆ ಕುಳಿತಿದ್ದ ಮಗುವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ನಾಲ್ಕನೆಯ ದಿನ ಎತ್ತನ್ನು ಬರೆದರು. ಅದು ಬಂದಿತು. ಒಂದೇ ನೋಟದಲ್ಲಿ ಕಂಡು ಹರಿದೆಸೆದ ಹುಡುಗನ ಗೆರೆ ಅಷ್ಟು ವರ್ಷಗಳ ಬಳಿಕವೂ ಹಾಗೆಯೇ ಉಳಿದಿತ್ತು. ಚೆನ್ನಾಗಿ ನೋಡಿ ಬರೆದುದಕ್ಕೆ ಅಂಥ ಬಲವಿರುತ್ತದೆ.

ಆ ಹುಡುಗನನ್ನು ಹುಡುಕಲು ಅವರು ಎರಡು ಮೂರು ಸಲ ಪ್ರಯತ್ನಿಸಿದರು. ಹಳ್ಳಿಯ ಮನೆ ಬಿದ್ದುಹೋಗಿತ್ತು. ಕುಟುಂಬ ದುಡಿಮೆಗಾಗಿ ಊರು ಬಿಟ್ಟು ಬಹಳ ವರ್ಷಗಳಾಗಿದ್ದವು. ಎಲ್ಲಿಗೆಂದು ನೆರೆಯವರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಪ್ರತಿ ರವಿವಾರ ಬೆಳಿಗ್ಗೆ ಅವರು ಮಠದ ಉಚಿತ ಪ್ರಸಾದ ನಿಲಯಕ್ಕೆ ಹೋಗುತ್ತಾರೆ. ಬೇಕೆಂದ ಹುಡುಗರಿಗೆ ತಮ್ಮ ಪಿಂಚಣಿಯಿಂದ ಗೆರೆಯಿಲ್ಲದ ಒಂದು ಪುಸ್ತಕವನ್ನೂ ಎರಡು ಪೆನ್ಸಿಲುಗಳನ್ನೂ ಕೊಡುತ್ತಾರೆ. ಇದನ್ನು ದಾನವೆಂದು ಕರೆದರೆ ಅವರಿಗೆ ಸರಿಬರುವುದಿಲ್ಲ. ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕಾದುದು ಸಹಜವೆನ್ನುತ್ತಾರೆ. ಚಿತ್ರ ಹೇಗೆ ಬರೆಯಬೇಕೆಂದು ಹೆಚ್ಚು ಹೇಳುವುದಿಲ್ಲ. ಶಾಂತಿನಿಕೇತನದ ನಂದಲಾಲ್ ಬೋಸರು ಚಿಕ್ಕ ಕಾರ್ಡುಗಳ ಮೇಲೆ ಗಿಡ, ಹಕ್ಕಿ, ದಾರಿಹೋಕರ ಚಿತ್ರಗಳನ್ನು ಬರೆದು ಶಿಷ್ಯರಿಗೆ ಕಳುಹಿಸುತ್ತಿದ್ದರಂತೆ. ಗುರುವು ತಾನೂ ದಿನವೂ ಬರೆಯುತ್ತಿದ್ದಾನೆಂಬುದೇ ಆ ಶಿಷ್ಯರಿಗೆ ದೊಡ್ಡ ಪಾಠವಾಗಿರಬೇಕು. ಅದೇ ರೀತಿ ಮಾಸ್ತರರು ಹುಡುಗರ ನಡುವೆ ಕುಳಿತು ತಮ್ಮ ಅಂದಿನ ಪುಟವನ್ನು ಬರೆಯುತ್ತಾರೆ. ಆಮೇಲೆ ಒಬ್ಬೊಬ್ಬರ ಪುಸ್ತಕವನ್ನೂ ಕೈಗೆ ತೆಗೆದುಕೊಂಡು, ಬೇಕಾದುದಕ್ಕಿಂತ ಹೆಚ್ಚು ಹೊತ್ತು ನೋಡುತ್ತಾರೆ. ಚಿತ್ರದಲ್ಲಿ ತಮಗೆ ವಿಚಿತ್ರವೆನಿಸಿದ್ದು ಏನಾದರೂ ಕಂಡರೆ, ಇದನ್ನು ಎಲ್ಲಿ ನೋಡಿದೆಯೆಂದು ಕೇಳುತ್ತಾರೆ. ಆ ಪ್ರಶ್ನೆಗೆ ಹುಡುಗರು ಕೊಡುವ ಉತ್ತರಗಳಿಂದ ಅವರು ಕಲಿತುದು ಅಷ್ಟಿಷ್ಟಲ್ಲ. ಹೊಸ ಪುಸ್ತಕ ಕೊಡುವಾಗ ಒಂದೇ ಒಂದು ಮಾತನ್ನು ಹೇಳುತ್ತಾರೆ: ಎಷ್ಟೇ ಕೆಟ್ಟರೂ ಹಾಳೆಯನ್ನು ಹರಿಯಬೇಡ. ಏಕೆಂದು ಹುಡುಗರು ಕೇಳಿದರೆ, ಕಾಗದ ದುಬಾರಿಯೆಂದು ಹೇಳಿ ನಗುತ್ತಾರೆ.

ಈಗ ಹನ್ನೊಂದು ವರ್ಷಗಳಾಗಿವೆ. ಇಪ್ಪತ್ತನೆಯ ಪುಸ್ತಕ ನಡೆಯುತ್ತಿದೆ. ಅವುಗಳಲ್ಲಿ ಪ್ರದರ್ಶನಕ್ಕಿಡುವಂಥ ಚಿತ್ರಗಳು ಎಷ್ಟಿವೆಯೆಂದು ಯಾರೋ ಕೇಳಿದಾಗ, ಹುಡುಕಿದರೆ ಐದಾರು ಸಿಕ್ಕಾವು ಎಂದರಂತೆ. ಉಳಿದ ಮೂರು ಸಾವಿರದ ಎಂಟುನೂರಕ್ಕೂ ಹೆಚ್ಚಿನ ಪುಟಗಳು ವ್ಯರ್ಥವೇ? ಅವರು ಹಾಗೆಂದುಕೊಂಡಿಲ್ಲ. ಒಂದೊಂದು ಪುಟವೂ ಒಂದು ದಿನ ಒಂದು ವಸ್ತುವಿನ ಎದುರಿಗೆ ಒಬ್ಬ ಮನುಷ್ಯನು ತಾಳ್ಮೆಯಿಂದ ಕುಳಿತಿದ್ದನೆಂಬುದಕ್ಕೆ ಸಾಕ್ಷಿ. ಚಿತ್ರಕಲೆಯು ಅವರನ್ನು ಚಿತ್ರಕಾರರನ್ನಾಗಿ ಮಾಡಲಿಲ್ಲ. ಸೇವೆಯಲ್ಲಿದ್ದಾಗ ಆಗಬೇಕಾಗಿದ್ದ ಶಿಕ್ಷಕರನ್ನಾಗಿ, ನಿವೃತ್ತಿಯ ಬಳಿಕ, ಮಾಡಿತು.

ಶಾಲೆಯೆಂದರೆ ಕಟ್ಟಡವಲ್ಲ, ಫಲಿತಾಂಶದ ಪಟ್ಟಿಯೂ ಅಲ್ಲ. ಒಬ್ಬ ಹಿರಿಯನು ಒಂದು ಮಗುವನ್ನು ಗಮನವಿಟ್ಟು ನೋಡುವ ಸ್ಥಳ. ತರಗತಿಯ ಹಿಂದಿನ ಸಾಲಿನಲ್ಲಿ ಇಂದೂ ಯಾವುದೋ ಹುಡುಗ, ಯಾವುದೋ ಹುಡುಗಿ, ಪ್ರಮೇಯದ ಪಕ್ಕದಲ್ಲಿ ತಾನು ಕಂಡುದನ್ನು ಗೀಚುತ್ತಿರಬಹುದು. ಅದನ್ನು ತಿದ್ದುವ ಮೊದಲು, ಅದು ನಿಜವಿರಬಹುದೇ ಎಂದು ಒಂದು ಕ್ಷಣ ನಿಂತು ನೋಡುವುದಕ್ಕೆ ವೇಳಾಪತ್ರಿಕೆಯಲ್ಲಿ ಪ್ರತ್ಯೇಕ ಅವಧಿ ಬೇಕಾಗುವುದಿಲ್ಲ. ಮಾಸ್ತರರ ಹದಿನೊಂದನೆಯ ಪುಸ್ತಕದಲ್ಲಿ ಮೂರು ಬರಿಯ ಅಂಡಾಕಾರಗಳಿವೆ. ಅವು ಇನ್ನೂ ಹಾಗೆಯೇ ಇವೆ. ಅವುಗಳ ಮುಂದಿನ ಪುಟದಲ್ಲಿ ಎತ್ತು ಏಳುತ್ತಿದೆ.